ಓದು, ಆದರೆ...

1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಪದವಿ ಹಿಡಿದು ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದಾಗ, ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ಕೊಡಲಿಲ್ಲ. ಆಕೆ ಜಗ್ಗಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿಯೆಂಬ ಮನ್ನಣೆಯಿಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಮುಂದೆ ಆಕೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು, ಕಮಲಾ ಸೊಹೊನಿ ಎಂಬ ಹೆಸರಿನಿಂದ ಜೀವರಸಾಯನ ವಿಜ್ಞಾನಿಯಾಗಿ ಪ್ರಸಿದ್ಧರಾದರು. ನನ್ನನ್ನು ಕಾಡುವುದು ಆ ನಿರಾಕರಣೆಗಿಂತ ಆ ಷರತ್ತುಗಳು. ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚುವ ಕಾಲ ಬಹುಮಟ್ಟಿಗೆ ಹೋಯಿತು, ಷರತ್ತು ಹೋಗಿಲ್ಲ.

ಬಾಗಿಲು ತೆರೆದಿದೆ ಎನ್ನಲು ಲೆಕ್ಕವೇ ಇದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ 4.33 ಕೋಟಿ ವಿದ್ಯಾರ್ಥಿಗಳ ಪೈಕಿ 2.07 ಕೋಟಿ ಹೆಣ್ಣುಮಕ್ಕಳು. ಆದರೆ ಅವರಲ್ಲಿ ಎಷ್ಟು ಮಂದಿ ತಮಗೆ ಬೇಕಾದ್ದನ್ನು, ಬೇಕಾದಲ್ಲಿ, ಬೇಕಾದಷ್ಟು ಓದುತ್ತಿದ್ದಾರೆ ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಮನೆಯ ಜಗಲಿಯಲ್ಲಿ ತೀರ್ಮಾನವಾಗುವ ಸಂಗತಿ. ಮಗನಿಗೆ ಸಾಲ ಮಾಡಿ ದೂರದೂರಿನ ಎಂಜಿನಿಯರಿಂಗ್ ಕಾಲೇಜು. ಮಗಳಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದಾದ ಕಾಲೇಜು. 'ಒಳ್ಳೆ ಗಂಡು ಬರೋವರೆಗೂ ಓದಲಿ ಬಿಡಿ' ಎನ್ನುವವರು ತಮ್ಮನ್ನು ಉದಾರಿಗಳೆಂದೇ ನಂಬಿರುತ್ತಾರೆ. ಅವಳು ಎಂ.ಎಸ್ಸಿ. ಮುಗಿಸಿ ಸಂಶೋಧನೆಯ ಮಾತೆತ್ತಿದಾಗ ಗೊತ್ತಾಗುತ್ತದೆ, ಅಷ್ಟು ದಿನದ ಓದು ವರ ಬರುವವರೆಗಿನ ಕಾಲಕ್ಷೇಪವೆಂದೇ ಅವರು ತಿಳಿದಿದ್ದರೆಂದು.

ಇಲ್ಲಿ ಅಪ್ಪಂದಿರನ್ನಷ್ಟೇ ದೂರಲು ನನಗೆ ಮನಸ್ಸಿಲ್ಲ. ಎರಡೆಕರೆ ಹೊಲದ ರೈತ ಮಗಳ ಫೀಸು ಕಟ್ಟಿದ್ದಾನೆ. ಅವಳು ಓದಿದಷ್ಟೂ ಅವಳಿಗಿಂತ ಹೆಚ್ಚು ಓದಿದ ಗಂಡು ಬೇಕೆನ್ನುತ್ತದೆ ಬಂಧುಬಳಗ. ಗಂಡು ಹೆಚ್ಚು ಓದಿದಷ್ಟೂ ವರದಕ್ಷಿಣೆಯ ಕೇಳಿಕೆ ಏರುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆದರೂ ಮಗಳ ಪದವಿ ಎಷ್ಟೋ ಮನೆಗಳಲ್ಲಿ ಎರಡು ಸಲ ಖರ್ಚಿಗೆ ಬೀಳುತ್ತದೆ. ಆ ರೈತನ ಅಂಜಿಕೆ ಸುಳ್ಳಲ್ಲ. ಹೆಂಡತಿ ತನಗಿಂತ ಒಂದು ಪದವಿ ಹೆಚ್ಚು ಓದಿದ್ದರೆ ಮರ್ಯಾದೆ ಹೋಯಿತೆಂದುಕೊಳ್ಳುವ ಗಂಡಸರು ಅದಕ್ಕೆ ಹೊಣೆ. ಬದಲಾಗಬೇಕಾದವರು ಅವರು. ಆದರೆ ಓದು ನಿಲ್ಲಿಸುವಂತೆ ನಾವು ಹೇಳುವುದು ಹುಡುಗಿಗೆ.

ಇನ್ನು ಹಾಸ್ಟೆಲು. ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗಷ್ಟೇ ಬೇರೆ ನಿಯಮ ಹೇರಬಾರದೆಂದು ಯುಜಿಸಿಯ 2015ರ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ. ಆದರೂ ಸಂಜೆ ದೀಪ ಹಚ್ಚುವ ಹೊತ್ತಿಗೇ ಬೀಗ ಬೀಳುವ ಹುಡುಗಿಯರ ಹಾಸ್ಟೆಲ್‌ಗಳಿವೆ. ಕಮಲಾ ಅವರಿಗೆ ರಾತ್ರಿ ದುಡಿಯಲೇಬೇಕೆಂಬ ಷರತ್ತಿತ್ತು. ಇವರಿಗೆ ರಾತ್ರಿ ದುಡಿಯಲೇಬಾರದೆಂಬ ಷರತ್ತು. ತಂದೆತಾಯಿಯ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕತ್ತಲ ದಾರಿಯಲ್ಲಿ ಕೀಟಲೆ ಮಾಡುವವರು ಇದ್ದೇ ಇದ್ದಾರೆ. ಹಾಗಿದ್ದರೆ ಲೈಬ್ರರಿಯಿಂದ ಹಾಸ್ಟೆಲ್‌ವರೆಗೆ ಸಾಲಾಗಿ ದೀಪ ಹಾಕಿಸಿ, ಕಾವಲಿಗೊಬ್ಬರನ್ನು ನಿಲ್ಲಿಸಿ, ಕೀಟಲೆ ಮಾಡಿದವನನ್ನು ಕಾಲೇಜಿನಿಂದ ಹೊರಗೆ ಹಾಕಿ. ನಾಳೆ ಬರೆಯಬೇಕಾದ ಪರೀಕ್ಷೆ ಹುಡುಗನಿಗೂ ಹುಡುಗಿಗೂ ಒಂದೇ. ಅವನು ಹತ್ತು ಗಂಟೆಯವರೆಗೂ ಲೈಬ್ರರಿಯಲ್ಲಿ ಓದುತ್ತಾನೆ. ಅವಳಿಗೆ ಬೇಕಾದ ಪುಸ್ತಕ ಅವನ ಎದುರಿನ ಕಪಾಟಿನಲ್ಲೇ ಉಳಿದಿರುತ್ತದೆ.