ಬಣ್ಣ ಬಳಿದರೆ ಚರ್ಮ ಬಟ್ಟೆಯಾದೀತೆ?

ಮಳೆಗಾಲ ಕಳೆದೊಡನೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಜಗಲಿಗಳಲ್ಲಿ ಪಾದರಕ್ಷೆಗಳ ಶುಶ್ರೂಷೆ ಆರಂಭವಾಗುತ್ತದೆ. ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದು ಬಣ್ಣಗೆಟ್ಟ ಸ್ವೀಡ್ ಬೂಟುಗಳನ್ನು ಬೆಂಕಿಗೊಡ್ಡದೆ ನೆರಳಿನಲ್ಲಿ ಒಣಗಿಸಿ, ಬ್ರಷ್‌ನಿಂದ ಮೃದುವಾಗಿ ತಿಕ್ಕಿ, ಕಲೆಗಳನ್ನು ರಬ್ಬರಿನಿಂದ ಅಳಿಸಿ, ಬಣ್ಣ ಸಿಂಪಡಿಸಿ ಹೊಸದರಂತೆ ಮಾಡುವುದುಂಟು. ಇದರಲ್ಲಿ ತಪ್ಪೇನು? ಮಿತವ್ಯಯವು ಗೃಹಸ್ಥನಿಗೆ ಭೂಷಣವೇ. ತಪ್ಪಿರುವುದು ತಿಕ್ಕುವ ಕೈಯಲ್ಲಿ ಅಲ್ಲ. ‘ಇದು ಚರ್ಮವಲ್ಲ, ಮಖಮಲ್ಲಿನಂಥ ಬಟ್ಟೆ’ ಎನ್ನುವ ನಾಲಗೆಯಲ್ಲಿ.

ಸ್ವೀಡ್ ಎಂಬುದು ಪ್ರಾಣಿಯ ಚರ್ಮದ ಒಳಪದರ. ನುಬಕ್ ಎಂಬುದು ಅದೇ ಚರ್ಮದ ಹೊರಮೈಯನ್ನು ಉಜ್ಜಿ ನವಿರುಗೊಳಿಸಿದ್ದು. ಬೆರಳಿಗೆ ಹಿತವಾಗುವ ಆ ನವಿರು ನೂಲಿನದಲ್ಲ, ಚರ್ಮದ ನಾರಿನದು. ಪಾಲಿಯೆಸ್ಟರಿನ ಕೃತಕ ಸ್ವೀಡೂ ಮಾರುಕಟ್ಟೆಯಲ್ಲಿದೆ, ನಿಜ. ಆದರೆ ಎಷ್ಟು ಮಂದಿ ಶ್ರಾವಕರು ಅಂಗಡಿಯಲ್ಲಿ ವಿಚಾರಿಸಿ ಕೊಳ್ಳುತ್ತಾರೆ?

‘ಪ್ರಾಣಿ ಮಾಂಸಕ್ಕಾಗಿ ಹೇಗೂ ಸತ್ತಿದೆ, ಕೊಂಡವನು ಕೊಂದಿಲ್ಲವಲ್ಲ’ ಎಂಬುದು ಇನ್ನೊಂದು ಸಮಜಾಯಿಷಿ. ವ್ಯಾಪಾರ ಬಲ್ಲ ಸಮಾಜ ಹೀಗೆ ಹೇಳಬಾರದು. ಚರ್ಮದ ಬೆಲೆಯೂ ಕಸಾಯಿಖಾನೆಯ ಜಮೆಗೇ ಸೇರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ವಿವರಿಸುವಾಗ ಕೃತವನ್ನಷ್ಟೇ ಹೇಳಿ ನಿಲ್ಲಲಿಲ್ಲ. ಕಾರಿತ, ಅನುಮೋದನೆಗಳನ್ನೂ ಸೇರಿಸಿದರು. ಬೆಲೆ ತೆತ್ತು ಕೊಳ್ಳುವುದಕ್ಕಿಂತ ದೊಡ್ಡ ಅನುಮೋದನೆ ಯಾವುದು?

ಹಾಗೆಂದು ಮನೆಯಲ್ಲಿದ್ದ ಜೋಡಿಯನ್ನು ಇಂದೇ ಬಿಸುಡಬೇಕೆಂದು ಹೇಳುವವರೂ ದಾರಿ ತಪ್ಪಿದವರೇ. ಬಿಸುಟ ಮಾತ್ರಕ್ಕೆ ಹೋದ ಜೀವ ಮರಳದು. ಬಿಸುಟು ಮರುದಿನ ಮತ್ತೊಂದು ಜೋಡಿ ಕೊಂಡರೆ ಹೊಸ ಹಿಂಸೆಗೆ ಹೊಸ ಖಾತೆ ತೆರೆದಂತೆ. ತ್ಯಾಗವಿರುವುದು ಹಳೆಯದನ್ನು ಎಸೆಯುವುದರಲ್ಲಿ ಅಲ್ಲ, ಹೊಸದನ್ನು ಕೊಳ್ಳದಿರುವುದರಲ್ಲಿ. ಇದ್ದುದನ್ನು ತಿಕ್ಕಿ, ಬೇಕಿದ್ದರೆ ಬಣ್ಣ ಕೊಟ್ಟು, ಸವೆಯುವವರೆಗೆ ಬಳಸಲಿ. ಆದರೆ ಅದನ್ನು ಚರ್ಮವೆಂದೇ ಕರೆಯಲಿ, ಅದೇ ಕೊನೆಯ ಜೋಡಿಯೆಂದು ನಿಯಮ ಮಾಡಿಕೊಳ್ಳಲಿ.

ಬಸದಿಯ ಹೊರಗೆ ಚರ್ಮದ ಬೆಲ್ಟು, ಪಾಕೀಟುಗಳನ್ನು ಕಳಚಿಡುವ ಪದ್ಧತಿ ಸಮಾಜದಲ್ಲಿದೆ. ಬ್ರಹ್ಮಾವರದ ಸಮೀಪದ ಬಾರಕೂರಿನಲ್ಲಿ ಕತ್ತಲೆ ಬಸದಿಯ ಕಲ್ಲುಗಳು ಇಂದಿಗೂ ನಿಂತಿವೆ. ಆ ಹೊಸ್ತಿಲ ಮುಂದೆ ಕಳಚಿದ್ದನ್ನು ಹೊರಬಂದು ಮತ್ತೆ ತೊಡುವುದಷ್ಟೇ ಆಚಾರವಾದರೆ ಅಹಿಂಸೆಗೆ ಕಾಲುಗಂಟೆಯ ಆಯುಷ್ಯ ಮಾತ್ರ. ಟ್ರಸ್ಟುಗಳು ತಮ್ಮ ಕಟ್ಟಡಗಳ ಮಳಿಗೆಗಳನ್ನು ಚರ್ಮದ ವ್ಯಾಪಾರಕ್ಕೆ ಬಾಡಿಗೆಗೆ ಕೊಡದಿರಲಿ, ಸನ್ಮಾನದಲ್ಲಿ ಚರ್ಮದ ಚೀಲ ನೀಡದಿರಲಿ. ಬೂಟಿನ ಮಾಸಿದ ಬಣ್ಣ ಬ್ರಷ್‌ನಿಂದ ಮರಳೀತು. ವ್ರತದ ಬಣ್ಣ ಮಾಸಿದರೆ ಅದಕ್ಕೆ ಅಂಗಡಿಯಲ್ಲಿ ಸಿಂಪಡಿಕೆ ಸಿಗದು.