ಗೆರೆ ದಾಟಿದಾಗ ಎಚ್ಚರಿಸುವ ಗಂಟೆ

ಕ್ಯಾನಿಂಗ್ಟನ್ನಿನಲ್ಲಿ ಆಲ್ಬನಿ ಹೆದ್ದಾರಿಯು ಪೇಟೆಬೀದಿಯಂತೆ ಕಾಣುತ್ತದೆ: ಅಂಗಡಿಗಳು, ಸಿಗ್ನಲ್ ದೀಪಗಳು, ಬಸ್ಸುಗಳು. ಅದೇ ರಸ್ತೆಯು ಪರ್ತ್ ನಗರವನ್ನು ದಾಟಿದೊಡನೆ ಕಾಡು ಹಾಗೂ ಹೊಲಗಳ ನಡುವೆ ಹರಿದು, ಸುಮಾರು 400 ಕಿ.ಮೀ. ದೂರದ ಕಡಲತಡಿಯ ಆಲ್ಬನಿಯನ್ನು ಸೇರುತ್ತದೆ. ಊರಿನಿಂದ ಬಂದ ತಂದೆತಾಯಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಮ್ಮ ಕುಟುಂಬಗಳು ರಜೆಗೆ ಹೊರಡುವುದು ಈ ದಾರಿಯಲ್ಲೇ. ಇಲ್ಲಿನ ಅಪಾಯ ದಟ್ಟಣೆಯದಲ್ಲ, ಏಕತಾನತೆಯದು. 110 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 30 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ 90 ಮೀಟರ್ ದೂರ ಅದು ಚಾಲಕನಿಲ್ಲದ ವಾಹನ. ಎಡಕ್ಕೆ ಸರಿದರೆ ಮರ, ಬಲಕ್ಕೆ ಸರಿದರೆ ಎದುರಿನ ಲಾರಿ.

ಹೊಸ ಕಾರುಗಳ ಮುಂಗಾಜಿನ ಮೇಲ್ಭಾಗದಲ್ಲಿರುವ ಕ್ಯಾಮೆರಾ ರಸ್ತೆಯ ಗೆರೆಗಳನ್ನು ಸತತವಾಗಿ ಗಮನಿಸುತ್ತಿರುತ್ತದೆ. ಇಂಡಿಕೇಟರ್ ಹಾಕದೆ ಚಕ್ರವು ಗೆರೆಯತ್ತ ಜಾರಿದರೆ ಗಂಟೆ ಬಾರಿಸುತ್ತದೆ, ಇಲ್ಲವೇ ಸ್ಟಿಯರಿಂಗನ್ನು ನಡುಗಿಸುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಎಚ್ಚರಿಕೆಯಿರುವ ಕಾರುಗಳಲ್ಲಿ ದಾರಿ ತಪ್ಪಿ ಆಗುವ ಬಗೆಯ ಅಪಘಾತಗಳು ಶೇ. 11ರಷ್ಟು, ಅವುಗಳಲ್ಲಿ ಗಾಯಾಳುಗಳಾಗುವಂಥವು ಶೇ. 21ರಷ್ಟು ಕಡಿಮೆ. ಆದರೆ ಅದೇ ಸಂಸ್ಥೆಯು ಸರ್ವಿಸಿಗೆ ಬಂದ ಕಾರುಗಳನ್ನು ಪರಿಶೀಲಿಸಿದಾಗ, ಗೆರೆ ಕಾಯುವ ವ್ಯವಸ್ಥೆಯು ಸುಮಾರು ಅರ್ಧದಷ್ಟರಲ್ಲಿ ಮಾತ್ರ ಚಾಲನೆಯಲ್ಲಿತ್ತು. ಉಳಿದವರು ಅದರ ಬಾಯಿ ಮುಚ್ಚಿಸಿದ್ದರು!

ನಮ್ಮವರೂ ಇದಕ್ಕೆ ಹೊರತಲ್ಲ. "ಸುಮ್ಮನೆ ಕಿರುಚುತ್ತದೆ" ಎಂಬ ದೂರು ಸಾಮಾನ್ಯ. ಅದು ಸುಮ್ಮನೆ ಕಿರುಚುವುದು ಬಹುಮಟ್ಟಿಗೆ ನಾವು ಇಂಡಿಕೇಟರ್ ಹಾಕದೆ ಪಕ್ಕದ ಸಾಲಿಗೆ ನುಗ್ಗುವುದರಿಂದ. ಲಕ್ಷ್ಮಣರೇಖೆಯ ಕಥೆ ಕೇಳಿ ಬೆಳೆದವರಿಗೆ ಗೆರೆಯ ಮಹತ್ವವನ್ನು ಹೇಳಬೇಕಾಗಿಲ್ಲ; ಬೆಂಗಳೂರಿನ ಬೀದಿಗಳಲ್ಲಿ ಚಾಲನೆ ಕಲಿತವರಿಗೆ ಮಾತ್ರ ಹೇಳಬೇಕಾದೀತು. ಅಡ್ಡಬಿಸಿಲು, ಮಳೆ, ಮಾಸಿದ ಗೆರೆ ಇವು ಕ್ಯಾಮೆರಾವನ್ನು ಮೋಸಗೊಳಿಸುತ್ತವೆ, ನಿಜ; ಗೆರೆಯೇ ಇಲ್ಲದ ಮಣ್ಣುರಸ್ತೆಯಲ್ಲಿ ಅದು ಕುರುಡು. ಆದರೂ ಆಗಾಗ ತಪ್ಪುವ ಕಾವಲುಗಾರನಿಗಿಂತ ಕಾವಲೇ ಇಲ್ಲದ ಮನೆ ಮೇಲೆಂದು ಯಾರೂ ವಾದಿಸಲಾರರು.

ಆದರೆ ಈಗಷ್ಟೇ ಬಂದಿಳಿದ ವಿದ್ಯಾರ್ಥಿ ಕೊಳ್ಳುವ ಹಳೆಯ ಕಾರಿನಲ್ಲಿ ಈ ಕ್ಯಾಮೆರಾ ಎಲ್ಲಿಂದ ಬರಬೇಕು? ಅಂಥವರಿಗಾಗಿ ರಸ್ತೆಯೇ ಮಾತನಾಡಬೇಕು. ಪಶ್ಚಿಮ ಆಸ್ಟ್ರೇಲಿಯಾದ ಮೈನ್ ರೋಡ್ಸ್ ಇಲಾಖೆಯು 2020ರಿಂದೀಚೆಗೆ ಒಂದು ವಿಶೇಷ ಯೋಜನೆಯಡಿ ಗ್ರಾಮಾಂತರ ರಸ್ತೆಗಳ ಅಂಚಿಗೆ ಡಾಂಬರು ಹಾಕಿ, ಚಕ್ರ ಹತ್ತಿದೊಡನೆ ಗುರುಗುಟ್ಟುವ ಉಬ್ಬುಗೆರೆಗಳನ್ನು ಎಳೆಯುತ್ತ ಬಂದಿದೆ. ಬಡವ ಬಲ್ಲಿದರೆನ್ನದೆ ಎಲ್ಲರನ್ನೂ ಎಬ್ಬಿಸುವ ಈ ಗೆರೆಗೆ ನಾನು ಕ್ಯಾಮೆರಾಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ. ತೆರಿಗೆಯ ಹಣ ಅಲ್ಲಿಗೆ ಹೋಗಲೆಂದು ನಾವೂ ದನಿಗೂಡಿಸಬೇಕು.

ಇನ್ನು ಸಾಲುಗಟ್ಟಿ ಪ್ರವಾಸ ಹೊರಡಿಸುವ ನಮ್ಮ ಸಂಘಗಳಲ್ಲಿ ಒಂದು ವಿನಂತಿ. ಊಟದ ಪಟ್ಟಿಯ ಜೊತೆಗೆ ಚಾಲಕರ ಪಟ್ಟಿಯನ್ನೂ ತಯಾರಿಸಿ. ಪ್ರತಿ ಕಾರಿಗೂ ಇಬ್ಬರಿರಲಿ. ಕಾರು ಕೂಗಲಿ, ರಸ್ತೆ ಗುರುಗುಟ್ಟಲಿ, ಎರಡನೆಯ ಸಲ ಕೇಳಿಸಿದರೆ ವಿಲಿಯಮ್ಸ್‌ನಲ್ಲೋ ಕೊಜೊನಪ್‌ನಲ್ಲೋ ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡಿದು, ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಒಪ್ಪಿಸಿ.