ಉಂಡರೂ ಸೊರಗುವ ನಾಯಿ

ಬೆಳಿಗ್ಗೆ ಒಂದು ತಟ್ಟೆ, ಮಧ್ಯಾಹ್ನ ಇನ್ನೊಂದು, ರಾತ್ರಿ ಮನೆಮಂದಿಯ ಪಾಲಿನಿಂದಲೂ ಒಂದಿಷ್ಟು. ಇಷ್ಟೆಲ್ಲ ತಿಂದರೂ ನಾಯಿಯ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಮೈಯ ಹೊಳಪು ಹೋಗಿದೆ. ದಿನಕ್ಕೆ ನಾಲ್ಕಾರು ಬಾರಿ ರಾಶಿ ರಾಶಿ ಮಲ, ಅದೂ ಮಾಸಲು ಹಳದಿ ಬಣ್ಣದ್ದು, ಜಿಡ್ಡಿನದು. ಸಾಲದ್ದಕ್ಕೆ ತನ್ನ ಮಲವನ್ನೇ ತಿನ್ನಲು ಹೋಗುತ್ತದೆ. ಮನೆಯವರಿಗೆ ಮುಜುಗರ, ಸಿಟ್ಟು. ಜಂತುಹುಳುವಿನ ಔಷಧ ಎರಡು ಸಲ ಆಗಿರುತ್ತದೆ. ಕೊನೆಗೆ ‘ಹೊಟ್ಟೆಬಾಕ’ ಎಂಬ ಬಿರುದೊಂದು ಉಳಿಯುತ್ತದೆ. ಆದರೆ ಆ ನಾಯಿ ನಿಜಕ್ಕೂ ಉಪವಾಸವಿದೆ. ಹೊಟ್ಟೆಗೆ ಹೋದದ್ದು ಮೈಗೆ ಹೋಗುತ್ತಿಲ್ಲ, ಅಷ್ಟೆ.

ತಪ್ಪು ಇರುವುದು ಮೇದೋಜೀರಕ ಗ್ರಂಥಿಯಲ್ಲಿ. ಜಠರದ ಪಕ್ಕ, ಸಣ್ಣಕರುಳಿನ ಮೊದಲ ಬಳುಕಿಗೆ ಅಂಟಿಕೊಂಡಂತೆ ಮಲಗಿರುವ ಈ ಗ್ರಂಥಿಗೆ ಎರಡು ಕಸುಬು. ಒಂದು ಎಲ್ಲರಿಗೂ ಗೊತ್ತು: ಇನ್ಸುಲಿನ್ ತಯಾರಿಕೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಈ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಗುಣವನ್ನು ಮೊದಲು ಕಂಡದ್ದೂ ನಾಯಿಗಳಲ್ಲೇ. ಆ ಕಥೆ ಪಠ್ಯಪುಸ್ತಕಗಳಲ್ಲಿದೆ. ಗ್ರಂಥಿಯ ಬಹುಪಾಲು ಜೀವಕೋಶಗಳು ದುಡಿಯುವುದು ಮಾತ್ರ ಇನ್ನೊಂದು ಕಸುಬಿನಲ್ಲಿ. ಪಿಷ್ಟವನ್ನು ಒಡೆಯುವ ಅಮೈಲೇಸ್, ಕೊಬ್ಬನ್ನು ಕರಗಿಸುವ ಲೈಪೇಸ್, ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಮುಂತಾದ ಜೀರ್ಣಕಿಣ್ವಗಳನ್ನು ತಯಾರಿಸಿ ಕರುಳಿಗೆ ಸುರಿಸುವುದು ಅವುಗಳ ಕೆಲಸ.

ಈ ಜೀವಕೋಶಗಳು ಕೆಲವು ನಾಯಿಗಳಲ್ಲಿ ಎಳೆಯ ಪ್ರಾಯದಲ್ಲೇ ಸೊರಗಿಹೋಗುತ್ತವೆ. ದೇಹದ ರಕ್ಷಣಾಪಡೆಯೇ ತನ್ನವರ ಮೇಲೆ ತಿರುಗಿಬಿದ್ದು ಮಾಡುವ ಹಾನಿ ಇದು ಎಂಬುದಕ್ಕೆ ಫಿನ್ಲೆಂಡಿನ ಪಶುವೈದ್ಯರ ದೀರ್ಘಕಾಲದ ಅಧ್ಯಯನಗಳು ಪುರಾವೆ ಒದಗಿಸಿವೆ. ಅತಿ ಹೆಚ್ಚು ಕಾಣುವುದು ಜರ್ಮನ್ ಶೆಫರ್ಡ್ ತಳಿಯಲ್ಲಿ. ನಮ್ಮಲ್ಲಿ ಅಲ್ಸೇಷಿಯನ್ ಎಂದು ಕರೆಯುವ ಅದೇ ನಾಯಿ. ಗ್ರಂಥಿಯ ಸಾಮರ್ಥ್ಯದಲ್ಲಿ ನೂರಕ್ಕೆ ಸುಮಾರು 90 ಪಾಲು ನಶಿಸುವವರೆಗೂ ಹೊರಗೆ ಏನೂ ಕಾಣುವುದಿಲ್ಲ. ಕಂಡಾಗ ತಡವಾಗಿರುತ್ತದೆ.

ಒಳಗಿರುವ ಗ್ರಂಥಿ ಬತ್ತಿದೆಯೇ ಇಲ್ಲವೇ ಎಂದು ಹೊರಗಿನಿಂದ ತಿಳಿಯುವುದು ಹೇಗೆ? ಹಿಂದೆ ಒಂದು ಚಮತ್ಕಾರದ ಪರೀಕ್ಷೆಯಿತ್ತು. ಎಕ್ಸ್-ರೇ ಫಿಲ್ಮಿನ ಮೇಲೆ ಜೆಲಟಿನ್ ಲೇಪನ ಇರುತ್ತದೆ. ಜೆಲಟಿನ್ ಒಂದು ಪ್ರೋಟೀನು. ನಾಯಿಯ ಮಲವನ್ನು ನೀರಿನಲ್ಲಿ ಕದಡಿ ಅದರಲ್ಲಿ ಫಿಲ್ಮಿನ ಚೂರೊಂದನ್ನು ಅದ್ದಿಡುವುದು. ಟ್ರಿಪ್ಸಿನ್ ಇದ್ದರೆ ಅದು ಲೇಪನವನ್ನು ತಿಂದುಹಾಕಿ ಫಿಲ್ಮು ಸ್ವಚ್ಛವಾಗುತ್ತದೆ. ಖರ್ಚಿಲ್ಲ, ಯಂತ್ರ ಬೇಡ. ಆದರೆ ನಂಬುವಂತಿರಲಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳೂ ಪ್ರೋಟೀನ್ ಕತ್ತರಿಸಬಲ್ಲವು. ಆರೋಗ್ಯವಂತ ನಾಯಿಯ ಮಲದಲ್ಲೂ ಕಿಣ್ವದ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಫಿಲ್ಮು ಕರಗಿತು, ಸರಿ. ಕರಗಿಸಿದವರು ಯಾರು? ಅದಕ್ಕೆ ಪರೀಕ್ಷೆಯಲ್ಲಿ ಉತ್ತರವಿರಲಿಲ್ಲ.

1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡೇವಿಡ್ ವಿಲಿಯಮ್ಸ್ ಮತ್ತು ರೋಜರ್ ಬ್ಯಾಟ್ ಕರುಳನ್ನು ಬಿಟ್ಟು ರಕ್ತದತ್ತ ತಿರುಗಿದರು. ಟ್ರಿಪ್ಸಿನ್ ಗ್ರಂಥಿಯೊಳಗೆ ತಯಾರಾಗುವುದು ಹಲ್ಲಿಲ್ಲದ ರೂಪದಲ್ಲಿ. ಅದರ ಹೆಸರು ಟ್ರಿಪ್ಸಿನೋಜನ್. ಕರುಳಿಗೆ ಬಂದ ಮೇಲಷ್ಟೇ ಅದಕ್ಕೆ ಹಲ್ಲು ಬರುತ್ತದೆ. ಈ ಟ್ರಿಪ್ಸಿನೋಜನ್ ಸ್ವಲ್ಪವೇ ಸ್ವಲ್ಪ, ಆರೋಗ್ಯವಿದ್ದಾಗಲೂ, ಗ್ರಂಥಿಯಿಂದ ನೇರವಾಗಿ ರಕ್ತಕ್ಕೆ ಜಿನುಗುತ್ತಿರುತ್ತದೆ. ಮೈಯ ಬೇರೆಡೆಯಿಂದ ಅದು ರಕ್ತಕ್ಕೆ ಬರುವ ದಾರಿಯಿಲ್ಲ. ಹಾಗಾಗಿ ರಕ್ತದಲ್ಲಿ ಅದರ ಸುಳಿವೇ ಇಲ್ಲವೆಂದರೆ ಗ್ರಂಥಿ ಬತ್ತಿದೆ ಎಂದೇ ಅರ್ಥ. ಹೀಗೆ ಸುಳಿವು ಕೊಡುವ ವಸ್ತುವಿಗೆ ವಿಜ್ಞಾನಿಗಳು ಬಯೋಮಾರ್ಕರ್ ಎನ್ನುತ್ತಾರೆ. ‘ಜೈವಿಕ ಸೂಚಕ’ ಎನ್ನಬಹುದು.

ಆದರೆ ಹಲ್ಲಿಲ್ಲದ ಕಿಣ್ವವನ್ನು ಅದರ ಕೆಲಸದಿಂದ ಗುರುತಿಸುವಂತಿಲ್ಲ, ಅದು ಕೆಲಸವನ್ನೇ ಮಾಡುವುದಿಲ್ಲವಲ್ಲ! ಅದರ ಆಕಾರವನ್ನು ಗುರುತು ಹಿಡಿಯಬೇಕು. ಈ ಉಪಾಯ ಆಗಲೇ ಸಿದ್ಧವಿತ್ತು. ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ್ದ ರೇಡಿಯೊ ಇಮ್ಯುನೊ ಅಸ್ಸೆ ಎಂಬ ವಿಧಾನ ಅದು. ಬಸ್ಸಿನ ಉದಾಹರಣೆಯಿಂದ ಅದನ್ನು ತಿಳಿಯಬಹುದು. ಬಸ್ಸಿನಲ್ಲಿ ಸೀಟುಗಳು ಇಷ್ಟೇ ಎಂದು ಗೊತ್ತು. ಕೆಂಪು ಟೊಪ್ಪಿ ಹಾಕಿದ ನೂರು ಜನರನ್ನು, ಟೊಪ್ಪಿಯಿಲ್ಲದ ಎಷ್ಟೋ ಜನರ ಜೊತೆ ಒಟ್ಟಿಗೆ ನುಗ್ಗಲು ಬಿಡಿ. ಸೀಟು ಹಿಡಿದ ಕೆಂಪು ಟೊಪ್ಪಿಗಳನ್ನು ಎಣಿಸಿದರೆ ಟೊಪ್ಪಿಯಿಲ್ಲದವರು ಎಷ್ಟಿದ್ದರೆಂದು ಲೆಕ್ಕ ಹಾಕಬಹುದು. ಸೀಟುಗಳೆಂದರೆ ಒಂದೇ ಒಂದು ಪ್ರೋಟೀನಿನ ಆಕಾರಕ್ಕೆ ಹೊಂದುವ ಪ್ರತಿಕಾಯಗಳು. ಕೆಂಪು ಟೊಪ್ಪಿ ಎಂದರೆ ವಿಕಿರಣದ ಗುರುತು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. 1972ರಲ್ಲೇ ತೀರಿಕೊಂಡಿದ್ದ ಬರ್ಸನ್‌ಗೆ ಆ ಪಾಲು ಸಿಗಲಿಲ್ಲ. ಅವರಿಬ್ಬರೂ ಈ ವಿಧಾನದಿಂದ ಮೊದಲು ಅಳೆದದ್ದು ಇನ್ಸುಲಿನ್ನನ್ನು. ಅಂದರೆ ಇದೇ ಗ್ರಂಥಿಯ ಇನ್ನೊಂದು ಕಸುಬಿನ ಸರಕನ್ನು.

ನಾಯಿಯ ಈ ಪರೀಕ್ಷೆಗೆ ಟಿಎಲ್ಐ ಎಂದು ಹೆಸರು. ಒಂದು ಲೀಟರ್ ಸೀರಮ್ಮಿನಲ್ಲಿ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿಯಲ್ಲಿ, 2.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗ್ರಂಥಿ ಬತ್ತಿದೆ ಎಂದು ತೀರ್ಮಾನ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು! ಆರೋಗ್ಯವಂತ ನಾಯಿಯಲ್ಲಿ ಅದು ಸಾಮಾನ್ಯವಾಗಿ 5ಕ್ಕಿಂತ ಮೇಲಿರುತ್ತದೆ. ನಾಯಿಗೆ ಹಂದಿಯ ಗ್ರಂಥಿಯಿಂದ ತೆಗೆದ ಕಿಣ್ವವನ್ನು ಆಗಲೇ ತಿನ್ನಿಸುತ್ತಿದ್ದರೂ ಲೆಕ್ಕ ಕೆಡುವುದಿಲ್ಲ. ನಾಯಿಯ ಟ್ರಿಪ್ಸಿನ್ನಿಗೆಂದು ಮಾಡಿದ ಸೀಟಿನಲ್ಲಿ ಹಂದಿಯ ಟ್ರಿಪ್ಸಿನ್ ಕೂರಲಾರದು.

ರೋಗ ಯಾವುದೆಂದು ತಿಳಿದರೆ ಮುಂದಿನ ದಾರಿ ಅಷ್ಟು ಕಷ್ಟದ್ದಲ್ಲ. ಪ್ರತಿ ಊಟದ ಜೊತೆ ಕಿಣ್ವದ ಪುಡಿ, ಜೀವನಪರ್ಯಂತ. ಬಿ-12 ವಿಟಮಿನ್ನನ್ನು ಮೈಗೆ ಹೀರಿಕೊಡಲು ಬೇಕಾದ ಪ್ರೋಟೀನು ನಾಯಿಗಳಲ್ಲಿ ಬಹುಮಟ್ಟಿಗೆ ಈ ಗ್ರಂಥಿಯಿಂದಲೇ ಬರುವುದರಿಂದ, ಆ ವಿಟಮಿನ್ನನ್ನೂ ಅನೇಕ ನಾಯಿಗಳಿಗೆ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. 2007ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ ಚಿಕಿತ್ಸೆ ಪಡೆದ ನಾಯಿಗಳ ಪೈಕಿ ಅರ್ಧದಷ್ಟು ಐದು ವರ್ಷಕ್ಕೂ ಹೆಚ್ಚು ಬದುಕಿದವು. ಬೇಗ ಸತ್ತವುಗಳಲ್ಲಿ ರೋಗಕ್ಕಿಂತ ಮೊದಲು ಒಡೆಯರ ತಾಳ್ಮೆ ಮುಗಿದು ದಯಾಮರಣಕ್ಕೆ ಗುರಿಯಾದವೂ ಇದ್ದವು.

ಇದೇ ಗ್ರಂಥಿಯ ಎರಡನೆಯ ರೋಗ ಇದಕ್ಕೆ ತದ್ವಿರುದ್ಧ. ಇಲ್ಲಿ ಕಿಣ್ವ ಬತ್ತುವುದಿಲ್ಲ. ಕರುಳು ತಲುಪುವ ಮೊದಲೇ, ಗ್ರಂಥಿಯೊಳಗೇ ಟ್ರಿಪ್ಸಿನ್ನಿಗೆ ಹಲ್ಲು ಮೂಡಿಬಿಡುತ್ತದೆ. ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ. ಇದು ಪ್ಯಾಂಕ್ರಿಯಾಟೈಟಿಸ್, ಗ್ರಂಥಿಯ ಉರಿಯೂತ. ವಾಂತಿ, ಊಟ ಬೇಡ, ಹೊಟ್ಟೆನೋವು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುವ ನಾಯಿಯನ್ನು ಕಂಡು ‘ನಮಸ್ಕಾರ ಮಾಡುತ್ತಿದೆ’ ಎಂದು ಮಕ್ಕಳು ನಗುವುದುಂಟು. ಅದು ನೋವಿನ ಭಂಗಿಯೂ ಆಗಿರಬಹುದು. ಕಸದ ಡಬ್ಬಿ ಮಗುಚಿ ತಿಂದ ನಾಯಿಗಳಿಗೆ, ಜಿಡ್ಡಿನ ಎಂಜಲು ತಿಂದವಕ್ಕೆ ಅಪಾಯ ಹೆಚ್ಚು. ಹಬ್ಬದ ದಿನ ಉಳಿದ ಕರಿದ ತಿಂಡಿಯನ್ನು ಪ್ರೀತಿಯಿಂದ ನಾಯಿಯ ತಟ್ಟೆಗೆ ಸುರಿಯುವವರು ಇದನ್ನು ಗಮನಿಸುವುದು ಒಳ್ಳೆಯದು. ರೋಗ ತೀವ್ರವಾದರೆ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು.

ಈ ರೋಗದ ಪತ್ತೆಗೆ ವೈದ್ಯರು ಬಹುಕಾಲ ರಕ್ತದ ಅಮೈಲೇಸ್ ಮತ್ತು ಲೈಪೇಸ್‌ಗಳನ್ನೇ ನೆಚ್ಚಿದ್ದರು. ಅವು ಎಷ್ಟು ಪಿಷ್ಟ ಒಡೆಯುತ್ತವೆ, ಎಷ್ಟು ಕೊಬ್ಬು ಕರಗಿಸುತ್ತವೆ ಎಂದು ನೋಡುವುದು. 1991ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ನೆಚ್ಚಿಗೆಯನ್ನು ಅಲುಗಾಡಿಸಿತು. ನಾಯಿಗಳ ಮೇದೋಜೀರಕ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ ಮೇಲೂ ಅವುಗಳ ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎರಡೂ ಸಾಕಷ್ಟು ಉಳಿದಿದ್ದವು! ಕಾರ್ಖಾನೆಯೇ ಇಲ್ಲ, ಮಾಲು ಮಾತ್ರ ಬರುತ್ತಲೇ ಇದೆ. ಜಠರಕ್ಕೆ ತನ್ನದೇ ಲೈಪೇಸ್ ಉಂಟು, ಇತರ ಅಂಗಗಳಿಗೂ ಇಂಥ ಕಿಣ್ವಗಳುಂಟು. ಎಲ್ಲವೂ ಮಾಡುವ ಕೆಲಸ ಒಂದೇ. ಕೆಲಸ ನೋಡಿ ಅಳೆದರೆ ಯಾರದ್ದೆಂದು ತಿಳಿಯುವುದಿಲ್ಲ. ಮೂತ್ರಪಿಂಡ ಕೆಟ್ಟಾಗಲೂ ಅಂಕೆ ಏರುತ್ತದೆ. ಎಷ್ಟು ನಾಯಿಗಳಿಗೆ ಇಲ್ಲದ ರೋಗದ ಪಥ್ಯ ನಡೆದಿರಬೇಕು!

ಆದರೆ ಆ ಲೈಪೇಸ್‌ಗಳ ಕೆಲಸ ಒಂದೇ ಆದರೂ ವಂಶವಾಹಿ ಬೇರೆ, ಹಾಗಾಗಿ ಆಕಾರ ಬೇರೆ. ಅಮೆರಿಕದಲ್ಲಿ ಯೋರ್ಗ್ ಸ್ಟೈನರ್ ಮತ್ತು, ಅಷ್ಟರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ್ದ, ಅದೇ ಡೇವಿಡ್ ವಿಲಿಯಮ್ಸ್ ನಾಯಿಯ ಮೇದೋಜೀರಕದ ಲೈಪೇಸನ್ನು ಶುದ್ಧಪಡಿಸಿ, ಅದೊಂದನ್ನೇ ಹಿಡಿಯುವ ಪ್ರತಿಕಾಯಗಳನ್ನು ಪಡೆದು, 2003ರಲ್ಲಿ ಪರೀಕ್ಷೆಯನ್ನು ಪ್ರಕಟಿಸಿದರು. ಇದರ ಹೆಸರು ಪಿಎಲ್ಐ. ಗ್ರಂಥಿ ಬತ್ತಿದ ನಾಯಿಗಳಲ್ಲಿ ಇದರ ಅಂಕೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಈ ಪ್ರೋಟೀನಿನ ಊರು ಯಾವುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸ್ಪೆಕ್ ಸಿಪಿಎಲ್ ಎಂಬ ಹೆಸರಿನಲ್ಲಿ ಬಳಕೆಗೆ ಬಂದ ರೂಪದಲ್ಲಿ ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸಹಜ, 400 ಮುಟ್ಟಿದರೆ ಉರಿಯೂತದ ಶಂಕೆ ಬಲ. ನಡುವಿನದು ಅನುಮಾನದ ವಲಯ.

ಹಾಗೆಂದು 400 ಎಂದ ಕೂಡಲೇ ತೀರ್ಪು ಬರೆಯುವಂತಿಲ್ಲ. ಬೇರೆ ಕಾಯಿಲೆಯಿಂದ ಗ್ರಂಥಿಗೆ ತುಸು ಪೆಟ್ಟಾದಾಗಲೂ ಅಂಕೆ ಏರಬಹುದು. ಸೌಮ್ಯವಾದ ಉರಿಯೂತ ಇದ್ದೂ ಏರದಿರಬಹುದು. ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಇನ್ನೊಂದು ಸೂಚಕವನ್ನೂ ವೈದ್ಯರು ನೋಡುತ್ತಾರೆ. ಊರಿನಲ್ಲಿ ಬೆಂಕಿ ಬಿದ್ದಿದೆ ಎಂದು ಅದು ಹೇಳುತ್ತದೆ, ಯಾರ ಮನೆಗೆ ಎಂದು ಹೇಳುವುದಿಲ್ಲ. ಗ್ರಂಥಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಗಿಯಿತಲ್ಲ ಎನ್ನಬಹುದು. ಅದೂ ಸುಲಭವಲ್ಲ. ಸತ್ತ ನಾಯಿಗಳ ಗ್ರಂಥಿಯನ್ನು ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಕೊಯ್ದು ನೋಡಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉರಿಯೂತ ಅಲ್ಲಲ್ಲಿ ಚದುರಿಕೊಂಡಿತ್ತು. ಒಂದು ಚೂರಿನಲ್ಲಿ ಇಲ್ಲದ್ದು ಪಕ್ಕದ ಚೂರಿನಲ್ಲಿತ್ತು. ಆದ್ದರಿಂದ ಪಶುವೈದ್ಯರು ರಕ್ತದ ಅಂಕೆಯನ್ನು ವಾಂತಿಯ ಕಥೆಯ ಜೊತೆ, ಹೊಟ್ಟೆಯ ಅಲ್ಟ್ರಾಸೌಂಡ್ ಚಿತ್ರದ ಜೊತೆ ಇಟ್ಟು ಓದುತ್ತಾರೆ. ಅಂಕೆ 200 ಮತ್ತು 400ರ ನಡುವೆ ಇದ್ದರೆ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ.